ಸ್ಥಗಿತಗೊಂಡ ಕಾರ್ಯಾಚರಣೆಗಳು (ಲೆಕ್ಕಶಾಸ್ತ್ರ)

ಕಂಪನಿಯೊಂದು ತನ್ನ ಪ್ರತ್ಯೇಕ ಹಾಗೂ ಪ್ರಮುಖ ವ್ಯಾಪಾರ ವಿಭಾಗವನ್ನು ಅಥವಾ ಒಂದು ಭೌಗೋಳಿಕ ವಲಯದ ವ್ಯವಹಾರವನ್ನು ಮಾರಿದಾಗ, ಮುಚ್ಚಿದಾಗ ಅಥವಾ ಮಾರಾಟಕ್ಕೆ ಇರಿಸಿದಾಗ ಅದನ್ನು ಲೆಕ್ಕಶಾಸ್ತ್ರದಲ್ಲಿ '''ಸ್ಥಗಿತಗೊಂಡ ಕಾರ್ಯಾಚರಣೆ''' ಎನ್ನುತ್ತಾರೆ. ಭಾರತದಲ್ಲಿ ಇದಕ್ಕೆ ಭಾರತೀಯ ಲೆಕ್ಕಪತ್ರ ಮಾನದಂಡ (ಇಂಡ್ ಎಎಸ್) 105 ಅನ್ವಯಿಸುತ್ತದೆ.

'''ವರದಿ ಮಾಡುವ ಕ್ರಮ'''

ಇಂತಹ ವಿಭಾಗದ ತೆರಿಗೆ ನಂತರದ ಫಲಿತಾಂಶವನ್ನು, ವಿಲೇವಾರಿಯಿಂದಾದ ಲಾಭ ಅಥವಾ ನಷ್ಟದೊಡನೆ ಸೇರಿಸಿ, ಲಾಭ-ನಷ್ಟ ಪಟ್ಟಿಯಲ್ಲಿ ಪ್ರತ್ಯೇಕವಾದ ಒಂದೇ ಮೊತ್ತವಾಗಿ ತೋರಿಸಬೇಕು. ಪಟ್ಟಿಯಲ್ಲಿನ ಹಿಂದಿನ ವರ್ಷದ ಅಂಕಿಗಳನ್ನೂ ಹಾಗೆಯೇ ಮರುವಿಂಗಡಿಸಬೇಕು. ಉದಾಹರಣೆಗೆ, 100 ಕೋಟಿ ರೂಪಾಯಿ ಲಾಭದಲ್ಲಿ 40 ಕೋಟಿ ಮಾರಿದ ವಿಭಾಗದ್ದಾದರೆ, ಮುಂದುವರಿಯುವ ವ್ಯವಹಾರದ ಲಾಭ 60 ಕೋಟಿ ಮಾತ್ರ. ಮುಂದಿನ ಗಳಿಕೆಯನ್ನು ಅಂದಾಜಿಸುವ ಹೂಡಿಕೆದಾರರಿಗೆ ಈ ಮೊತ್ತವೇ ಆಧಾರ.

'''ಲೆಕ್ಕಪತ್ರ ಬದಲಾವಣೆಗಳು'''

ಇವು ಇಂಡ್ ಎಎಸ್ 8ರ ವ್ಯಾಪ್ತಿಗೆ ಬರುತ್ತವೆ. ಲೆಕ್ಕಪತ್ರ ನೀತಿಯ ಬದಲಾವಣೆಯು ಸಾಮಾನ್ಯವಾಗಿ ಹಿಂದಿನ ಅವಧಿಗಳಿಗೂ ಅನ್ವಯಿಸುತ್ತದೆ. ಯಂತ್ರದ ಬಾಳಿಕೆಯಂತಹ ಅಂದಾಜಿನ ಬದಲಾವಣೆಯು ಪ್ರಸಕ್ತ ಹಾಗೂ ಮುಂದಿನ ಅವಧಿಗಳಿಗೆ ಮಾತ್ರ ಅನ್ವಯಿಸುತ್ತದೆ.