ರೇಡಿಯೋಶ್ಯಾಕ್ ಯಾಕೆ ಮುಚ್ಚಿತು? ಸೊರಬ, ಶಿಕಾರಿಪುರದ ಕಡೆಯಿಂದ ಒಂದು ಲೆಕ್ಕ

ರಜೆಗೆ ಸೊರಬಕ್ಕೆ ಬಂದಿದ್ದೀರಿ, ಮಿನಿ ಪ್ರಾಜೆಕ್ಟ್ ಬೋರ್ಡ್ ಮೇಲಿದ್ದ 7805 ಐಸಿ ಸುಟ್ಟುಹೋಯ್ತು ಅಂದ್ಕೊಳ್ಳಿ. ಹತ್ತಿಪ್ಪತ್ತು ರೂಪಾಯಿ ಸಾಮಾನು. ಎಲ್ಲಿ ಸಿಗತ್ತೆ? ಊರಲ್ಲಿ ಟಿವಿ ರಿಪೇರಿ ಮಾಡೋರ ಹಳೇ ಡಬ್ಬಿಯಲ್ಲಿ ಇದ್ರೆ ನಿಮ್ಮ ಅದೃಷ್ಟ. ಇಲ್ಲಾಂದ್ರೆ ಬಸ್ ಹತ್ತಿ ಶಿರಾಳಕೊಪ್ಪ ದಾಟಿ ಶಿಕಾರಿಪುರ. ಅಲ್ಲೂ ಇಲ್ಲಾಂದ್ರೆ ಶಿವಮೊಗ್ಗ. ಕೊನೆಗೆ ಎಲ್ರೂ ಹೇಳೋದು ಎರಡೇ ಉತ್ತರ: ಬೆಂಗಳೂರಿನ ಎಸ್.ಪಿ. ರೋಡ್, ಇಲ್ಲಾ ಆನ್‌ಲೈನ್. ಆನ್‌ಲೈನ್‌ನಲ್ಲಿ ಐಸಿಗಿಂತ ಕೊರಿಯರ್ ಚಾರ್ಜೇ ಜಾಸ್ತಿ, ಮೇಲೆ ನಾಲ್ಕೈದು ದಿನ ಕಾಯ್ಬೇಕು.

ಇಂಥ ಪರದಾಟ ಇರಬಾರದು ಅನ್ನೋ ಹಾಗೆ, ಒಂದು ಕಾಲದಲ್ಲಿ ಅಮೆರಿಕದ ಸಣ್ಣ ಸಣ್ಣ ಊರುಗಳಲ್ಲೂ ಒಂದು ಅಂಗಡಿ ಇರ್ತಿತ್ತು. ಹೆಸರು ರೇಡಿಯೋಶ್ಯಾಕ್. ರೆಸಿಸ್ಟರ್, ಕೆಪಾಸಿಟರ್, ಸೋಲ್ಡರಿಂಗ್ ಐರನ್, ಆಂಟೆನಾ, ಬ್ಯಾಟರಿ ಎಲ್ಲವೂ ಅಲ್ಲಿ ಸಿಗ್ತಿತ್ತು. ನಮ್ಮ ಸಿಲಬಸ್ ಬರೆದ ತಲೆಮಾರಿನ ಎಷ್ಟೋ ಅಮೆರಿಕನ್ ಎಂಜಿನಿಯರ್‌ಗಳು ಮೊದಲ ಸರ್ಕ್ಯೂಟ್ ಕಟ್ಟಿದ್ದು ಅಲ್ಲಿಂದ ತಂದ ಕಿಟ್‌ನಲ್ಲಿ. ಆ ಕಂಪನಿ 2015ರಲ್ಲಿ ದಿವಾಳಿ ಅರ್ಜಿ ಹಾಕಿತು, 2017ರಲ್ಲಿ ಮತ್ತೊಮ್ಮೆ ಹಾಕಿತು. "ಅಮೆಜಾನ್ ಬಂತು, ಅಂಗಡಿ ಹೋಯ್ತು" ಅಂತ ಒಂದೇ ಸಾಲಲ್ಲಿ ಮುಗಿಸೋರು ಇದ್ದಾರೆ. ಕಥೆ ಅಷ್ಟು ಸಿಂಪಲ್ ಇಲ್ಲ. ಸ್ವಲ್ಪ ಬಿಡಿಸಿ ನೋಡಿದ್ರೆ ನಮ್ಮ ತಾಲೂಕಿನ ಅಂಗಡಿಗಳ ಕಥೆಯೂ ಅದರೊಳಗೆ ಕಾಣತ್ತೆ.

ಹಡಗಿನ ಕೋಣೆಯ ಹೆಸರು

ಹಡಗಿನ ಮೇಲೆ ವೈರ್‌ಲೆಸ್ ಉಪಕರಣ ಇಡೋ ಪುಟ್ಟ ಕೋಣೆಗೆ ಇಂಗ್ಲಿಷ್‌ನಲ್ಲಿ ರೇಡಿಯೋ ಶ್ಯಾಕ್ ಅಂತಿದ್ರು. ಅದೇ ಹೆಸರಿಟ್ಟು 1921ರಲ್ಲಿ ಬೋಸ್ಟನ್ ನಗರದಲ್ಲಿ ಥಿಯೋಡರ್ ಮತ್ತು ಮಿಲ್ಟನ್ ಡಾಯ್ಚ್‌ಮನ್ ಎಂಬ ಅಣ್ಣತಮ್ಮಂದಿರು ಅಂಗಡಿ ತೆಗೆದರು. ಗಿರಾಕಿಗಳು ಹ್ಯಾಮ್ ರೇಡಿಯೋ ಹುಚ್ಚಿನವರು. ಅಂಗಡಿಗೆ ಬರೋಕಾಗದವರಿಗೆ ಅಂಚೆಯಲ್ಲಿ ಸಾಮಾನು ಕಳಿಸ್ತಿದ್ರು.

1960ರ ಹೊತ್ತಿಗೆ ಕಂಪನಿ ಸಾಲದಲ್ಲಿ ಮುಳುಗಿತ್ತು. 1963ರಲ್ಲಿ ಅದನ್ನು ಕೊಂಡದ್ದು ಟೆಕ್ಸಸ್‌ನ ಟ್ಯಾಂಡಿ ಕಂಪನಿ. ತಮಾಷೆ ಅಂದ್ರೆ ಟ್ಯಾಂಡಿಯವರದ್ದು ಚರ್ಮದ ಸಾಮಾನಿನ ವ್ಯಾಪಾರ! ಆದ್ರೆ ಚಾರ್ಲ್ಸ್ ಟ್ಯಾಂಡಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಮನೇಲಿ ಕೂತು ಕೈಯಾರೆ ಏನಾದ್ರೂ ಮಾಡೋ ಹವ್ಯಾಸ ಇರೋನು ಪದೇಪದೇ ಅಂಗಡಿಗೆ ಬರ್ತಾನೆ. ಚರ್ಮ ಹೊಲಿಯೋನಿಗೆ ದಾರ ಮುಗಿಯತ್ತೆ, ಸರ್ಕ್ಯೂಟ್ ಕಟ್ಟೋನಿಗೆ ರೆಸಿಸ್ಟರ್ ಮುಗಿಯತ್ತೆ. ಹೀಗಾಗಿ ದೊಡ್ಡ ಅಂಗಡಿ ಒಂದರ ಬದಲು ಸಣ್ಣ ಅಂಗಡಿಗಳನ್ನ ಎಲ್ಲಾ ಕಡೆ ತೆಗೆದರು. ಕೊಂಡಾಗ ಬೆರಳೆಣಿಕೆಯಷ್ಟಿದ್ದ ಅಂಗಡಿಗಳು ಮುಂದೆ ಸಾವಿರಾರು ಆದವು.

1977ರಲ್ಲಿ ಅವರೇ ಒಂದು ಕಂಪ್ಯೂಟರ್ ತಂದರು, ಟಿಆರ್‌ಎಸ್-80. ಝಡ್-80 ಪ್ರೊಸೆಸರ್, 4 ಕೆಬಿ ಮೆಮೊರಿ, ಮಾನಿಟರ್ ಸಮೇತ ಸುಮಾರು 600 ಡಾಲರ್. ಇದು ಓಡತ್ತೆ ಅನ್ನೋ ಧೈರ್ಯ ಕಂಪನಿಗೇ ಇರ್ಲಿಲ್ಲ. ಮಾರಾಟ ಆಗದಿದ್ರೆ ನಮ್ಮ ಅಂಗಡಿಗಳಲ್ಲೇ ಸ್ಟಾಕ್ ಲೆಕ್ಕ ಇಡೋಕೆ ಬಳಸೋಣ ಅಂತ, ಅಂಗಡಿಗೊಂದರಂತೆ ಸುಮಾರು 3,500 ಮಾತ್ರ ಮಾಡೋ ಯೋಚನೆ ಇತ್ತು. ಆದ್ರೆ ಜನ ಮುಗಿಬಿದ್ದರು. ಅದೇ ವರ್ಷ ಬಂದ ಆಪಲ್-2 ಇವತ್ತು ಎಲ್ರಿಗೂ ನೆನಪಿದೆ. ಮೊದಲ ಕೆಲವು ವರ್ಷ ಮಾತ್ರ ಟಿಆರ್‌ಎಸ್-80 ಅದಕ್ಕಿಂತ ಮುಂದಿತ್ತು. ಅದು ಪಕ್ಕದ ರಸ್ತೆಯಲ್ಲೇ ಸಿಗ್ತಿತ್ತು, ಕೆಟ್ಟರೆ ಅಲ್ಲೇ ತಗೊಂಡು ಹೋಗ್ಬೋದಿತ್ತು.

1983ರಲ್ಲಿ ಫಾರೆಸ್ಟ್ ಮಿಮ್ಸ್ ಎಂಬುವರು ಕೈಬರಹದಲ್ಲೇ ಬರೆದು, ಕೈಯಲ್ಲೇ ಚಿತ್ರ ಬಿಡಿಸಿದ ಎಲೆಕ್ಟ್ರಾನಿಕ್ಸ್ ಕಲಿಕೆಯ ಪುಸ್ತಕವನ್ನು ರೇಡಿಯೋಶ್ಯಾಕ್ ಮಾರಾಟಕ್ಕಿಟ್ಟಿತು. 10 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯ್ತು. ಅಂದ್ರೆ ಅಂಗಡಿ ಬರೀ ಪಾರ್ಟ್ಸ್ ಮಾರ್ತಿರ್ಲಿಲ್ಲ, ಅದನ್ನ ಎಲ್ಲಿ ಹೇಗೆ ಹಾಕ್ಬೇಕು ಅನ್ನೋದನ್ನೂ ಜೊತೆಗೇ ಕೊಡ್ತಿತ್ತು. 1990ರ ದಶಕದಲ್ಲಿ ಅವರ ಜಾಹೀರಾತಿನ ಘೋಷಣೆಯೇ "ನಿಮ್ಮ ಹತ್ರ ಪ್ರಶ್ನೆ ಇದೆ, ನಮ್ಮ ಹತ್ರ ಉತ್ತರ ಇದೆ" ಎನ್ನುವ ಅರ್ಥದ್ದು.

50 ಗಿರಾಕಿಯೋ, ಇಬ್ಬರೋ?

ಇಷ್ಟು ಒಳ್ಳೇ ಅಂಗಡಿ ಹಾಳಾಗಿದ್ದು ಹೇಗೆ? ಒಂದು ಕಾಲ್ಪನಿಕ ಲೆಕ್ಕ ಹಾಕೋಣ, ಅಂಗಡಿ ಶಿಕಾರಿಪುರದಲ್ಲೇ ಇರಲಿ.

ಬಾಡಿಗೆ, ಕರೆಂಟು, ಒಬ್ಬ ಹುಡುಗನ ಸಂಬಳ ಎಲ್ಲಾ ಸೇರಿ ತಿಂಗಳಿಗೆ 30,000 ರೂಪಾಯಿ ಖರ್ಚು. ಪಾರ್ಟ್ಸ್ ಕೇಳ್ಕೊಂಡು ಬಂದವನು 40 ರೂಪಾಯಿ ಸಾಮಾನು ತಗೊಂಡರೆ ಅಂಗಡಿಗೆ 20 ಉಳಿಯತ್ತೆ. ಶೇಕಡಾವಾರು ನೋಡಿದ್ರೆ ಭರ್ಜರಿ ಲಾಭ. ಆದ್ರೆ ಖರ್ಚು ಹುಟ್ಟಬೇಕಾದ್ರೆ ತಿಂಗಳಿಗೆ 1,500 ಗಿರಾಕಿ ಬೇಕು, ದಿನಕ್ಕೆ 50. ಒಬ್ಬೊಬ್ಬನಿಗೂ ಹತ್ತು ನಿಮಿಷ ವಿವರಿಸ್ಬೇಕು, ಸಾವಿರಾರು ಬಗೆಯ ಸಾಮಾನು ಡಬ್ಬಿಗಳಲ್ಲಿ ಇಟ್ಕೋಬೇಕು, ಅದರಲ್ಲಿ ಅರ್ಧ ವರ್ಷಕ್ಕೊಮ್ಮೆಯೂ ಹೋಗಲ್ಲ.

ಈಗ ಒಬ್ಬ ಬಂದು, "ಇದನ್ನೆಲ್ಲಾ ಬಿಡಿ, ನಮ್ಮ ಫೋನ್ ಕನೆಕ್ಷನ್ ಮಾರಿ, ಒಂದಕ್ಕೆ 500 ಕಮಿಷನ್" ಅಂತಾನೆ. ತಿಂಗಳಿಗೆ 60 ಮಾರಿದ್ರೆ ಸಾಕು, ದಿನಕ್ಕೆ ಎರಡು. ನೀವಾದ್ರೂ ಯಾವುದನ್ನ ಆರಿಸ್ತೀರಿ?

ರೇಡಿಯೋಶ್ಯಾಕ್ ಎರಡನೇದನ್ನ ಆರಿಸ್ತು. ಅದು 1984ರಿಂದಲೇ ಮೊಬೈಲ್ ಫೋನ್ ಮಾರ್ತಿತ್ತು. 1993ರಲ್ಲಿ ಕಂಪ್ಯೂಟರ್ ತಯಾರಿಕೆಯನ್ನ ಬೇರೆ ಕಂಪನಿಗೆ ಮಾರಿತು. ಮುಂದೆ ಮೊಬೈಲ್ ಕಂಪನಿಗಳ ಕನೆಕ್ಷನ್ ಮಾರೋದೇ ಮುಖ್ಯ ಕಸುಬಾಗಿ, 2010ರ ಆಸುಪಾಸಿಗೆ ಒಟ್ಟು ವ್ಯಾಪಾರದ ಅರ್ಧದಷ್ಟು ಮೊಬೈಲಿನದೇ ಆಯ್ತು. ರೆಸಿಸ್ಟರ್, ಟ್ರಾನ್ಸಿಸ್ಟರ್‌ಗಳು ಅಂಗಡಿಯ ಹಿಂಬದಿಯ ಡ್ರಾಯರ್‌ಗೆ ಹೋದವು.

ಇಲ್ಲೇ ಎಡವಟ್ಟಾಗಿದ್ದು. ಇದನ್ನ ಬೇಸಿಕ್ ಎಲೆಕ್ಟ್ರಿಕಲ್ ಭಾಷೆಯಲ್ಲೇ ಹೇಳ್ಬೋದು. ದಿನಕ್ಕೆ 50 ಸಣ್ಣ ಗಿರಾಕಿಗಳು ಅಂದ್ರೆ 50 ರೆಸಿಸ್ಟರ್ ಪ್ಯಾರಲಲ್‌ನಲ್ಲಿ ಇದ್ದ ಹಾಗೆ. ಐದು ಓಪನ್ ಆದ್ರೂ ಕರೆಂಟ್ ಹತ್ತು ಪರ್ಸೆಂಟ್ ಕಮ್ಮಿ ಆಗತ್ತೆ, ಅಷ್ಟೇ. ಒಂದೇ ಫೋನ್ ಕಂಪನಿಯ ಕಮಿಷನ್ ಅಂದ್ರೆ ಇಡೀ ಕರೆಂಟ್ ಒಂದೇ ತಂತಿಯಲ್ಲಿ ಹರಿದ ಹಾಗೆ. ಆ ತಂತಿಯ ಸ್ವಿಚ್ ಇರೋದು ಬೇರೆಯವರ ಕೈಯಲ್ಲಿ. ಕಮಿಷನ್ 500 ಇದ್ದದ್ದು 250 ಆದ್ರೆ ನೀವು ಏನೂ ತಪ್ಪು ಮಾಡದಿದ್ರೂ ಆದಾಯ ಅರ್ಧ ಆಗತ್ತೆ. ಮೊಬೈಲ್ ಕಂಪನಿಗಳು ತಮ್ಮದೇ ಅಂಗಡಿಗಳನ್ನ ತೆಗೆದವು, 2001ರಿಂದ ಆಪಲ್ ಕೂಡ ಸ್ವಂತ ಅಂಗಡಿ ಶುರು ಮಾಡ್ತು. ಫೋನ್ ಬೇಕಾದವರು ಸೀದಾ ಅಲ್ಲಿಗೇ ಹೋದರು.

ಫೋನ್ ಇನ್ನೊಂದು ಕೆಲಸವನ್ನೂ ಮಾಡಿತ್ತು. 1991ರ ರೇಡಿಯೋಶ್ಯಾಕ್ ಪತ್ರಿಕಾ ಜಾಹೀರಾತೊಂದನ್ನ ಒಬ್ಬರು 2014ರಲ್ಲಿ ಹೊರತೆಗೆದು ನೋಡಿದರು. ಅದರಲ್ಲಿದ್ದ 15 ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ 13ರ ಕೆಲಸವನ್ನ ಒಂದು ಸ್ಮಾರ್ಟ್‌ಫೋನೇ ಮಾಡ್ತಿತ್ತು. ಟೇಪ್ ರೆಕಾರ್ಡರ್, ಕ್ಯಾಲ್ಕುಲೇಟರ್, ವಿಡಿಯೋ ಕ್ಯಾಮೆರಾ ಎಲ್ಲಾ. ರೇಡಿಯೋಶ್ಯಾಕ್ ಮುಂದೆ ನಿಂತು ಮಾರಿದ ವಸ್ತುವೇ ಅದರ ಉಳಿದ ಸಾಮಾನನ್ನ ನುಂಗಿಬಿಡ್ತು.

ಬಸ್ ತಪ್ಪಿದ್ದು ಯಾವಾಗ?

ಬೇಜಾರಾಗೋದು ಇಲ್ಲಿ. 2005ರಲ್ಲಿ ಇಟಲಿಯಲ್ಲಿ ಆರ್ಡುಯಿನೋ ಶುರುವಾಯ್ತು. ಜನ ಮತ್ತೆ ಮನೇಲಿ ಸರ್ಕ್ಯೂಟ್ ಕಟ್ಟೋಕೆ ಹೊರಟರು. ರೇಡಿಯೋಶ್ಯಾಕ್ 80 ವರ್ಷದಿಂದ ಕಾದಿದ್ದ ಗಿರಾಕಿ ಇವನೇ. ಆದ್ರೆ ಅವನು ಅಂಗಡಿಗೆ ಬಂದ್ರೆ ಕೌಂಟರ್‌ನಲ್ಲಿದ್ದವರು ಮೊದಲು ಕೇಳ್ತಿದ್ದದ್ದು "ಫೋನ್ ಪ್ಲಾನ್ ಬದಲಾಯಿಸ್ತೀರಾ" ಅಂತ. ಆರ್ಡುಯಿನೋ ಬೋರ್ಡ್ ಆ ಅಂಗಡಿಗಳಿಗೆ ಬಂದಿದ್ದು 2011ರಲ್ಲಿ. ಅಷ್ಟರಲ್ಲಿ ಹವ್ಯಾಸಿಗಳು ಆನ್‌ಲೈನ್‌ಗೆ ಹೋಗಿ ಆಗಿತ್ತು, ಉತ್ತರ ಗೊತ್ತಿದ್ದ ಹಳೇ ಕೆಲಸಗಾರರೂ ಹೆಚ್ಚು ಉಳಿದಿರ್ಲಿಲ್ಲ.

ಮೇಲಿನವರ ಅವಾಂತರಗಳೂ ಇದ್ದವು. 2006ರಲ್ಲಿ ಇಲ್ಲದ ಡಿಗ್ರಿಯನ್ನ ರೆಸ್ಯೂಮೆಯಲ್ಲಿ ತೋರಿಸಿದ್ದು ಬಯಲಾಗಿ ಸಿಇಓ ರಾಜೀನಾಮೆ ಕೊಟ್ಟರು. ಅದೇ ವರ್ಷ ಮುಖ್ಯ ಕಚೇರಿಯ ಸುಮಾರು 400 ಜನರನ್ನ ಇಮೇಲ್ ಕಳಿಸಿ ಕೆಲಸದಿಂದ ತೆಗೆದರು. 2014ರಲ್ಲಿ ನಷ್ಟದಲ್ಲಿದ್ದ 1,100 ಅಂಗಡಿ ಮುಚ್ತೀವಿ ಅಂದ್ರು, ಸಾಲ ಕೊಟ್ಟವರು ಒಪ್ಪಲಿಲ್ಲ. ಅವರ ಒಪ್ಪಿಗೆ ಇಲ್ಲದೆ ವರ್ಷಕ್ಕೆ 200 ಮಾತ್ರ ಮುಚ್ಚಬಹುದಿತ್ತು. ಅಂದ್ರೆ ನಷ್ಟದ ಅಂಗಡಿಯನ್ನ ಮುಚ್ಚೋ ಸ್ವಾತಂತ್ರ್ಯವೂ ಉಳಿದಿರ್ಲಿಲ್ಲ. 2015ರ ಫೆಬ್ರವರಿ 5ಕ್ಕೆ ದಿವಾಳಿ ಅರ್ಜಿ. ಆಗಲೂ ಸುಮಾರು 4,000 ಅಂಗಡಿಗಳಿದ್ದವು. ಕೆಲವನ್ನ ಉಳಿಸ್ಕೊಂಡವರು ಮಾಡಿದ್ದೇನು ಗೊತ್ತಾ? ಸ್ಪ್ರಿಂಟ್ ಎಂಬ ಮೊಬೈಲ್ ಕಂಪನಿ ಜೊತೆ ಸೇರಿ ಮತ್ತೆ ಫೋನ್ ವ್ಯಾಪಾರ! ಎರಡೇ ವರ್ಷಕ್ಕೆ ಅದೂ ಮುಳುಗಿತು. ಹೆಸರು ಇನ್ನೂ ಬದುಕಿದೆ. 2020ರ ನಂತರ ಅದನ್ನ ಕೊಂಡವರು ಕ್ರಿಪ್ಟೋ ವ್ಯವಹಾರಕ್ಕೂ ಬಳಸಿದರು, 2023ರಲ್ಲಿ ಇನ್ನೊಂದು ಕಂಪನಿ ಕೊಂಡಿತು.

ನಮ್ಮ ಕಡೆ ಏನಾಯ್ತು?

ಶಿಕಾರಿಪುರ, ಸೊರಬದಲ್ಲಿ ಇಂಥ ಚೈನ್ ಅಂಗಡಿ ಇರ್ಲಿಲ್ಲ. ಆದ್ರೆ ಆ ಕೌಂಟರ್ ಇತ್ತು. ಭದ್ರಾವತಿ ಆಕಾಶವಾಣಿ 1965ರಲ್ಲಿ ಶುರುವಾಯ್ತು, ಧಾರವಾಡ ಅದಕ್ಕೂ ಮೊದಲೇ ಇತ್ತು. ಮನೆಗೆ ರೇಡಿಯೋ ಬಂದ ಮೇಲೆ ಊರಿಗೆ ರೇಡಿಯೋ ರಿಪೇರಿಯವರೂ ಬೇಕಾದರು. ಅದೇ ಅಂಗಡಿಗಳು ಮುಂದೆ ಟೇಪ್ ರೆಕಾರ್ಡರ್, ಆಮೇಲೆ ಡಬ್ಬಾ ಟಿವಿ ರಿಪೇರಿಗೆ ಇಳಿದವು. ಡಬ್ಬಾ ಟಿವಿ ಬಿಚ್ಚಿದ್ರೆ ಒಳಗೆ ಕಣ್ಣಿಗೆ ಕಾಣೋ ಪಾರ್ಟ್ಸ್ ಇರ್ತಿದ್ವು, ಸುಟ್ಟಿದ್ದನ್ನ ತೆಗೆದು ಹೊಸದು ಹಾಕ್ಬೋದಿತ್ತು. ಈಗಿನ ಬೋರ್ಡ್‌ಗಳಲ್ಲಿ ಪಾರ್ಟ್ಸ್ ಎಲ್ಲಾ ಸಾಸಿವೆ ಗಾತ್ರದ್ದು. ಎಲ್‌ಇಡಿ ಟಿವಿ ಪ್ಯಾನೆಲ್ ಒಡೆದ್ರೆ ರಿಪೇರಿಗಿಂತ ಹೊಸ ಟಿವಿ ತಗೊಳ್ಳೋದೇ ವಾಸಿ ಅಂತಾರೆ.

ಹಾಗಾಗಿ ಆ ಅಂಗಡಿಗಳಲ್ಲಿ ಹಲವು ಮೊಬೈಲ್ ಕಡೆ ತಿರುಗಿದವು. ಸಿಮ್, ರೀಚಾರ್ಜ್, ಅದರ ಕಮಿಷನ್. 2016ರಲ್ಲಿ ಜಿಯೋ ಬಂತು, ಯುಪಿಐ ಕೂಡ ಅದೇ ವರ್ಷ. ಈಗ ಜನ ಮನೇಲಿ ಕೂತೇ ರೀಚಾರ್ಜ್ ಮಾಡ್ಕೊತಾರೆ. ಕಮಿಷನ್ ನಂಬಿದವರಿಗೆ ಉಳಿದಿದ್ದು ಕವರ್, ಟೆಂಪರ್ಡ್ ಗ್ಲಾಸ್, ಚಾರ್ಜರ್. ಮೇಲಿನ ಒಂದೇ ತಂತಿಯ ಲೆಕ್ಕ ನೆನಪಿಸ್ಕೊಳ್ಳಿ.

ಆದ್ರೆ ಒಂದು ವ್ಯತ್ಯಾಸ ಇದೆ. ನಮ್ಮ ಕಡೆ ಭತ್ತ, ಮೆಕ್ಕೆಜೋಳ, ಅಡಿಕೆ ಇರೋವರೆಗೆ ಪಂಪ್‌ಸೆಟ್ ಇರತ್ತೆ. ವೋಲ್ಟೇಜ್ ಏರುಪೇರಾಗಿ ಮೋಟಾರ್ ಸುಡತ್ತೆ, ಸ್ಟಾರ್ಟರ್ ಕೈಕೊಡತ್ತೆ, ಕೆಪಾಸಿಟರ್ ಹೋಗತ್ತೆ. ತೋಟಕ್ಕೆ ನೀರು ಬಿಡ್ಬೇಕಾದವನು ನಾಲ್ಕೈದು ದಿನ ಕೊರಿಯರ್‌ಗೆ ಕಾಯೋಕಾಗಲ್ಲ, ಇವತ್ತೇ ಬೇಕು. ಅದಕ್ಕೇ ರಿವೈಂಡಿಂಗ್ ಅಂಗಡಿಗಳು ಇವತ್ತಿಗೂ ನಡೀತಿವೆ. ಮಾಲೀಕನೇ ಕೌಂಟರ್‌ನಲ್ಲಿ ಕೂತಿರ್ತಾನೆ. ಯಾರ ಮೋಟಾರ್ ಎಷ್ಟು ಹೆಚ್‌ಪಿ, ಯಾವ ಲೈನಲ್ಲಿ ವೋಲ್ಟೇಜ್ ಕಮ್ಮಿ ಅಂತ ಅವನಿಗೆ ಬಾಯಿಪಾಠ. ಟೆಕ್ಸಸ್‌ನ ಮುಖ್ಯ ಕಚೇರಿಗೆ ಇಲ್ಲದೇ ಹೋದ ತಿಳುವಳಿಕೆ ಇದು.

ನಮಗೇನಾಗ್ಬೇಕು?

"ಎಲ್ಲಾ ಯೂಟ್ಯೂಬ್‌ನಲ್ಲಿದೆ, ಅಂಗಡಿ ಯಾಕೆ" ಅಂತ ಕೇಳ್ಬೋದು. ಯೂಟ್ಯೂಬ್‌ನಲ್ಲಿ ಉತ್ತರ ಸಿಗೋದು ಪ್ರಶ್ನೆ ಕೇಳೋಕೆ ಬರೋರಿಗೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೆಟ್ಟ ಟಾರ್ಚ್ ಹಿಡ್ಕೊಂಡು ಬಂದ್ರೆ ಅವಳಿಗೆ "ಡ್ರೈವರ್ ಸರ್ಕ್ಯೂಟ್" ಅನ್ನೋ ಪದವೇ ಗೊತ್ತಿರಲ್ಲ, ಏನಂತ ಹುಡುಕ್ತಾಳೆ? ಕೌಂಟರ್ ಹಿಂದಿನವರು ಟಾರ್ಚ್ ಕೈಗೆ ತಗೊಂಡು, ಮೀಟರ್ ಇಟ್ಟು, "ನೋಡಮ್ಮ, ಇಲ್ಲಿ ತನಕ ಕರೆಂಟ್ ಬರ್ತಿದೆ, ಇಲ್ಲಿಂದ ಮುಂದೆ ಇಲ್ಲ" ಅಂತ ತೋರಿಸ್ತಾರೆ. ಆಮೇಲೆ ಅವಳು ಮಿಕ್ಕಿದ್ದನ್ನ ಯೂಟ್ಯೂಬ್‌ನಲ್ಲೇ ಕಲೀಬೋದು. ಬೆಂಗಳೂರಿನ ಹುಡುಗರಿಗೆ ಎಸ್.ಪಿ. ರೋಡ್ ಇದೆ. ಸೊರಬದವರಿಗೆ ಆ ಮೊದಲ ಹತ್ತು ನಿಮಿಷ ಎಲ್ಲಿ ಸಿಗ್ಬೇಕು?

ನಮ್ಮ ಹಾಸ್ಟೆಲ್ ಕಪಾಟುಗಳಲ್ಲಿ ಸೆಮಿಸ್ಟರ್ ಮುಗಿದ ಮೇಲೆ ಎಷ್ಟು ಬ್ರೆಡ್‌ಬೋರ್ಡ್, ಸೆನ್ಸಾರ್, ಜಂಪರ್ ವೈರ್ ಸುಮ್ನೆ ಬಿದ್ದಿರತ್ತೆ ಅಂತ ಎಲ್ರಿಗೂ ಗೊತ್ತು. ದಸರಾ ರಜೆಗೆ ಹೋಗುವಾಗ ಅದನ್ನ ಒಂದು ಡಬ್ಬಿಗೆ ತುಂಬಿ ತಗೊಂಡು ಹೋಗಿ. ನಿಮ್ಮೂರಿನ ಹೈಸ್ಕೂಲಿಗೆ ಕೊಡಿ, ಒಂದು ಮಧ್ಯಾಹ್ನ ಅಲ್ಲೇ ಕೂತು ಒಂದು ಎಲ್‌ಇಡಿ ಹತ್ತಿಸಿ ತೋರಿಸಿ. ಹಾಗೇ ವಾಪಸ್ ಬರ್ತಾ ಊರಿನ ರಿಪೇರಿ ಅಂಗಡಿಗೆ ಹೋಗಿ, ಯಾವ ಪಾರ್ಟ್ಸ್ ಇಟ್ಟಿದ್ದೀರಿ ಅಂತ ಕೇಳಿ, ಬೇಕಾಗಿದ್ದನ್ನ ಅಲ್ಲೇ ತಗೊಳ್ಳಿ. ಎರಡು ರೂಪಾಯಿ ಜಾಸ್ತಿ ಆದ್ರೂ ಪರವಾಗಿಲ್ಲ. ಕೇಳೋರು ಇದ್ದಾರೆ ಅಂತ ಗೊತ್ತಾದ್ರೆ ಮುಂದಿನ ಸಲ ಅವರು ಶಿವಮೊಗ್ಗಕ್ಕೆ ಹೋದಾಗ ಒಂದು ಡಬ್ಬಿ 7805 ತಂದಿಟ್ಟಿರ್ತಾರೆ.