ಬೆರಳೆತ್ತದ ಆರ್ಗನ್ ವಾದಕ

ಮೈಕ್ ರಾಟ್ಲೆಜ್ ಎಂಬ ಹೆಸರನ್ನು ನಮ್ಮ ಓದುಗರಲ್ಲಿ ಬಹುಮಂದಿ ಕೇಳಿರಲಾರರು. ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. 2025ರ ಫೆಬ್ರವರಿ 5ರಂದು, ತಮ್ಮ 81ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಸ್ವದೇಶವಾದ ಇಂಗ್ಲೆಂಡಿನಲ್ಲೂ ‘ಯಾರವರು?’ ಎಂದು ಕೇಳಿದವರು ಕಡಮೆಯೇನೂ ಇದ್ದಿರಲಾರರು. ಅವರಿದ್ದ ವಾದ್ಯಮೇಳದ ಹೆಸರು ‘ಸಾಫ್ಟ್ ಮೆಷಿನ್’. ಅದರ ಜೊತೆಯಲ್ಲೇ ಹೊರಟ ‘ಪಿಂಕ್ ಫ್ಲಾಯ್ಡ್’ ಜಗತ್ತನ್ನೇ ಗೆದ್ದಿತು. ಇದು ಬಲ್ಲವರ ಬಾಯಲ್ಲಿ ಮಾತ್ರ ಉಳಿಯಿತು.

ರಾಕ್ ಸಂಗೀತವೆಂದರೆ ತಲೆಗೂದಲು ಬಿಟ್ಟ ಹುಡುಗರ ಗದ್ದಲವೆಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಈಗಲೂ ಉಂಟು. ರಾಟ್ಲೆಜರ ಕಥೆಯನ್ನು ಮೊದಲು ಅವರೇ ಓದಬೇಕು.

ಚಾಸರ್ ಕವಿಯಿಂದಾಗಿ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೂ ಪರಿಚಿತವಾದ ಕ್ಯಾಂಟರ್‌ಬರಿ ಪಟ್ಟಣದಲ್ಲಿ ಸೈಮನ್ ಲ್ಯಾಂಗ್ಟನ್ ಎಂಬ ಗಂಡುಮಕ್ಕಳ ಶಾಲೆಯಿದೆ. ರಾಟ್ಲೆಜ್, ಡ್ರಮ್ ಬಾರಿಸುತ್ತ ಹಾಡುತ್ತಿದ್ದ ರಾಬರ್ಟ್ ವ್ಯಾಟ್, ಬೇಸ್ ಗಿಟಾರಿನ ಹ್ಯೂ ಹಾಪರ್ ಮೂವರೂ ಅಲ್ಲಿ ಓದಿದವರು. ಶಾಸ್ತ್ರೀಯ ಪಿಯಾನೋ ಕಲಿತಿದ್ದ ರಾಟ್ಲೆಜ್ ಮುಂದೆ ಆಕ್ಸ್‌ಫರ್ಡಿನಲ್ಲಿ ಮನಶ್ಶಾಸ್ತ್ರ, ತತ್ತ್ವಶಾಸ್ತ್ರ ಓದಿ ಬಂದರು. 1966ರಲ್ಲಿ ವ್ಯಾಟ್, ಕೆವಿನ್ ಏಯರ್ಸ್ ಮತ್ತು ಆಸ್ಟ್ರೇಲಿಯದ ಡೇವಿಡ್ ಆಲೆನ್ ಅವರೊಡನೆ ಮೇಳ ಕಟ್ಟಿದರು. ಮೇಳದ ಹೆಸರು ವಿಲಿಯಂ ಬರೋಸರ ಒಂದು ಕಾದಂಬರಿಯದು. ಅದೇ ವರ್ಷ ಅಕ್ಟೋಬರ್ 15ರಂದು ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ಒಂದು ಪತ್ರಿಕೆಯ ಬಿಡುಗಡೆ ಸಮಾರಂಭಕ್ಕೆ ಪಿಂಕ್ ಫ್ಲಾಯ್ಡ್ ಮತ್ತು ಸಾಫ್ಟ್ ಮೆಷಿನ್ ಎರಡೂ ನುಡಿಸಿದವು. ಆ ರಾತ್ರಿ ಯಾವುದು ಮೇಲೇರುತ್ತದೆಂದು ಪಂದ್ಯ ಕಟ್ಟುವುದು ಯಾರಿಗೂ ಸುಲಭವಿದ್ದಿರಲಾರದು.

ಇನ್ನು ಆರ್ಗನ್ನಿನ ವಿಷಯ. ಆ ಕಾಲದ ಹೆಸರಾಂತ ವಾದಕರಲ್ಲಿ ಹಲವರು ನೆಚ್ಚಿದ್ದು ಹ್ಯಾಮಂಡ್ ಆರ್ಗನ್ನನ್ನು. ಅದು ನಾಲ್ಕಾಳು ಹೊರಬೇಕಾದ ಭಾರದ ಪೆಟ್ಟಿಗೆ. ರಾಟ್ಲೆಜ್ ಆರಿಸಿಕೊಂಡದ್ದು ಲೌರಿ ಎಂಬ, ಗೃಹಸ್ಥರ ಮನೆಯ ಚಾವಡಿಗೆಂದು ತಯಾರಾದ ವಿದ್ಯುತ್ ಆರ್ಗನ್ನನ್ನು. ನಮ್ಮ ಭಜನೆಯ ಹಾರ್ಮೋನಿಯಮ್ಮಿಗೆ ದೂರದ ನಂಟ ಎನ್ನಿ. ಕಪ್ಪು ಬಿಳುಪಿನ ಮನೆಗಳು ಅವೇ, ತಿದಿ ಮಾತ್ರ ಇಲ್ಲ. ಈ ಸಾಧು ವಾದ್ಯವನ್ನು ಅವರು ಗಿಟಾರಿನವರು ಬಳಸುವ ‘ಫಜ್’ ಪೆಟ್ಟಿಗೆಗೆ ಜೋಡಿಸಿದರು. ಆ ಪೆಟ್ಟಿಗೆ ನಾದವನ್ನು ಬೇಕೆಂದೇ ಒಡೆದು, ಗರಗರ ಮಾಡಿ ಹೊರಬಿಡುತ್ತದೆ. ಅದಕ್ಕೆ ಪ್ರಚಂಡ ಧ್ವನಿವರ್ಧಕಗಳೂ ಸೇರಿದವು.

ಇಲ್ಲೊಂದು ತೊಡಕು ಹುಟ್ಟಿತು. ಸಭೆಯಲ್ಲಿ ಮೈಕು ಸ್ಪೀಕರಿನೆದುರು ಬಂದರೆ ಕಿವಿ ಸೀಳುವಂತೆ ಕೂಗುವುದನ್ನು ನಾವೆಲ್ಲ ಅನುಭವಿಸಿದ್ದೇವೆ. ರಾಟ್ಲೆಜರ ಆರ್ಗನ್ ಮೌನವಾದೊಡನೆ ಅದೇ ಬಗೆಯ ಕಿರಿಚಾಟ ಏಳುತ್ತಿತ್ತು. ನಾದವಿದ್ದಷ್ಟು ಹೊತ್ತು ಮಾತ್ರ ಅದು ತಣ್ಣಗಿರುತ್ತಿತ್ತು. ಬೇರೆಯವರಾದರೆ ಧ್ವನಿ ತಗ್ಗಿಸುತ್ತಿದ್ದರು. ಇವರು ಬೆರಳೆತ್ತುವುದನ್ನೇ ಬಿಟ್ಟರು! ಒಂದು ಸ್ವರ ಮುಗಿಯುವ ಮೊದಲೇ ಇನ್ನೊಂದನ್ನು ಹಿಡಿದು, ಉಸಿರಿಗೂ ಎಡೆಯಿಲ್ಲದಂತೆ ನಿಮಿಷಗಟ್ಟಲೆ ನುಡಿಸಿದರು. ಹೀಗೆ ಯಂತ್ರದ ದೋಷದಿಂದ ಒಂದು ಶೈಲಿ ಹುಟ್ಟಿತು. ‘ಕ್ಯಾರವಾನ್’ ಮೇಳದ ಡೇವಿಡ್ ಸಿಂಕ್ಲೇರ್, ‘ಹ್ಯಾಟ್‌ಫೀಲ್ಡ್ ಆ್ಯಂಡ್ ದ ನಾರ್ತ್’ನ ಡೇವ್ ಸ್ಟುವರ್ಟ್ ಮುಂತಾದವರ ಆರ್ಗನ್ನಿನಲ್ಲಿ ಆ ಒಡಕು ನಾದವನ್ನು ಮತ್ತೆ ಕೇಳಬಹುದು. ‘ಕ್ಯಾಂಟರ್‌ಬರಿ ಪಂಥ’ ಎಂದು ಇಂದು ಕರೆಯಲಾಗುವ ಸಂಗೀತದ ಗುರುತಿನ ದನಿಯೇ ಅದು.

1968ರಲ್ಲಿ ಜಿಮಿ ಹೆಂಡ್ರಿಕ್ಸರೊಡನೆ ಅಮೆರಿಕ ಸುತ್ತಿದ ಮೇಳ ದಣಿದು ಮುರಿದುಬಿತ್ತು, ಮರುವರ್ಷ ಮತ್ತೆ ಕೂಡಿತು. 1970ರಲ್ಲಿ ಬಂತು ‘ಥರ್ಡ್’. ಎರಡು ರೆಕಾರ್ಡು, ನಾಲ್ಕು ಮಗ್ಗುಲು, ನಾಲ್ಕೇ ಕೃತಿಗಳು. ಒಂದೊಂದೂ ಹದಿನೆಂಟು ಹತ್ತೊಂಬತ್ತು ನಿಮಿಷದ್ದು. ಮೂರು ನಿಮಿಷದ ಹಾಡಿನ ಪೇಟೆಯಲ್ಲಿ ಇದು ಸಣ್ಣ ಧೈರ್ಯವಲ್ಲ. ನಾಲ್ಕರಲ್ಲಿ ಎರಡು ರಾಟ್ಲೆಜರವು. ಏಳು, ಒಂಬತ್ತು, ಹನ್ನೊಂದರ ಎಣಿಕೆಗಳಲ್ಲಿ ಓಡುವ ಈ ಮೇಳದ ಲಯ, ಮಿಶ್ರಚಾಪು ಕೇಳಿ ಬೆಳೆದ ನಮ್ಮವರಿಗೆ ಲಂಡನ್ನಿನವರಿಗಿಂತ ಬೇಗ ಒಗ್ಗೀತು.

ಅದೇ ವರ್ಷ ಆಗಸ್ಟ್ 13ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ, 1895ರಿಂದ ನಡೆದುಬಂದ ‘ಪ್ರಾಮ್ಸ್’ ಶಾಸ್ತ್ರೀಯ ಸಂಗೀತೋತ್ಸವದಲ್ಲಿ ಈ ಮೇಳ ನುಡಿಸಿತು. ರಾಕ್ ಮೇಳವೊಂದಕ್ಕೆ ಆ ವೇದಿಕೆ ದೊರೆತದ್ದು ಅದೇ ಮೊದಲು. ಸಿಗರೇಟು ಸೇದಲು ಹೊರಗೆ ಹೋದ ವ್ಯಾಟರನ್ನು ದ್ವಾರಪಾಲಕ ಒಳಗೆ ಬಿಡಲಿಲ್ಲವಂತೆ. ತಾನು ಒಳಗೆ ನುಡಿಸಬೇಕಾದವನೆಂದರೆ, ಇಲ್ಲಿ ನಿಜವಾದ ಸಂಗೀತ ಮಾತ್ರ ನಡೆಯುವುದೆಂದು ಆತನ ಉತ್ತರ. ಈ ಪ್ರಸಂಗವನ್ನು ವ್ಯಾಟರೇ ಹೇಳಿಕೊಂಡಿದ್ದಾರೆ.

ಅಂದಿನ ಕಾರ್ಯಕ್ರಮದಲ್ಲಿ ಅಮೆರಿಕದ ಟೆರಿ ರೈಲಿಯವರ ಕೃತಿಯೂ ಇತ್ತು. ಸಣ್ಣ ಸ್ವರಗುಚ್ಛಗಳನ್ನು ಸುತ್ತಿ ಸುತ್ತಿ ನುಡಿಸುವ ಅವರ ಪದ್ಧತಿಯನ್ನು ರಾಟ್ಲೆಜ್ ಮೆಚ್ಚಿ ತಮ್ಮದಾಗಿಸಿಕೊಂಡಿದ್ದರು. ಆ ರೈಲಿಯವರು 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾನಾ ಘರಾಣೆ. ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್ ಅವರದೂ ಅದೇ. ಸಂಗೀತದ ನಂಟಸ್ತನ ಎಲ್ಲೆಲ್ಲಿಂದಲೋ ಬಂದು ಕೂಡುತ್ತದೆ.

ಹೀಗಿದ್ದೂ ಮೇಳ ಮರೆಗೆ ಸಂದದ್ದೇಕೆ? ನಮಗೆ ತೋರುವ ಕಾರಣ, ಅದು ಒಂದೇ ಮುಖದಲ್ಲಿ ನಿಲ್ಲಲಿಲ್ಲ. ಆಲೆನ್ 1967ರಲ್ಲೇ ವೀಸಾ ತೊಡಕಿನಿಂದ ಫ್ರಾನ್ಸಿನಲ್ಲಿ ಉಳಿದರು. ಏಯರ್ಸ್ ಬಿಟ್ಟರು. 1971ರಲ್ಲಿ ವ್ಯಾಟ್ ಹೊರನಡೆದಾಗ ಹಾಡೇ ನಿಂತಿತು. ಹಾಡಿಲ್ಲದ ಮೇಳವನ್ನು ಜನ ಗುನುಗುವುದಾದರೂ ಹೇಗೆ? 1973ರ ಜೂನಿನಲ್ಲಿ ವ್ಯಾಟ್ ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ನವೆಂಬರ್ 4ರಂದು ಅವರ ಸಹಾಯಾರ್ಥ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಹಳೆಯ ಜೊತೆಗಾರರಾದ ಪಿಂಕ್ ಫ್ಲಾಯ್ಡ್ ಮತ್ತು ಸಾಫ್ಟ್ ಮೆಷಿನ್ ಮತ್ತೆ ಒಂದೇ ವೇದಿಕೆಗೆ ಬಂದವು. ಅಷ್ಟರಲ್ಲಿ ಒಂದರ ಹೆಸರು ಮನೆಮಾತಾಗಿತ್ತು.

ಕಪ್ಪು ಕನ್ನಡಕ ಹಾಕಿ, ಪ್ರಚಾರಕ್ಕೆ ಮುಖ ಕೊಡದೆ ಕೂತಿರುತ್ತಿದ್ದ ರಾಟ್ಲೆಜ್ 1976ರಲ್ಲಿ ಹೊರಬಂದರು. ಸ್ಥಾಪಕರಲ್ಲಿ ಕೊನೆಯವರು ಅವರೇ. ಮೇಳದ ಹೆಸರು ಬೇರೆಯವರ ಕೈಯಲ್ಲಿ ಮುಂದುವರಿಯಿತು. 1977ರಲ್ಲಿ ಲಾರಾ ಮಲ್ವಿ, ಪೀಟರ್ ವೊಲೆನ್ ಅವರ ‘ರಿಡಲ್ಸ್ ಆಫ್ ದ ಸ್ಫಿಂಕ್ಸ್’ ಚಿತ್ರಕ್ಕೆ ಸಂಗೀತ ಕೊಟ್ಟರು. ಬಳಿಕ ಅದೇ ಮೇಳದಲ್ಲಿದ್ದ ಕಾರ್ಲ್ ಜೆಂಕಿನ್ಸರೊಡನೆ ಜಾಹೀರಾತುಗಳ ಸಂಗೀತದಲ್ಲಿ ತೊಡಗಿದರು. 1995ರಲ್ಲಿ ಜೆಂಕಿನ್ಸರ ‘ಆದಿಯೇಮುಸ್’ ಲೋಕಪ್ರಿಯವಾಯಿತು. ಯಾವ ಭಾಷೆಗೂ ಸೇರದ, ಅರ್ಥವಿಲ್ಲದ ಅಕ್ಷರಗಳ ಗಾನ ಅದು. ಅದರ ತಾಳವಾದ್ಯಗಳನ್ನು ಯಂತ್ರದಲ್ಲಿ ಜೋಡಿಸಿದವರು ರಾಟ್ಲೆಜ್.

‘ಥರ್ಡ್’ ಇಂದಿಗೂ ಕೇಳಲು ಸಿಗುತ್ತದೆ. ಆಸಕ್ತರು ನಾಲ್ಕನೆಯ ಮಗ್ಗುಲಿನಿಂದ ಆರಂಭಿಸುವುದು ಮೇಲು. ಮೊದಲ ನಾಲ್ಕೈದು ನಿಮಿಷ ಸ್ವರಗಳು ಒಂದರ ಮೇಲೊಂದು ನೀರಿನಂತೆ ಸುತ್ತುತ್ತವೆ, ಏನೂ ಆಗುತ್ತಿಲ್ಲವೆಂದು ತೋರುತ್ತದೆ. ತಾಳ್ಮೆಯಿರಲಿ. ಮೇಳ ಒಳಗೆ ಬರುವುದು ಆಮೇಲೆ.