ಮರೆಯಲ್ಲಿ ಕೂತು ಕೇಳಿದರು

ಹಾರ್ಮೋನಿಯಂ ನಾವೆಲ್ಲ ನೋಡಿದ್ದೇವೆ. ಪಿಯಾನೋ ಅದಕ್ಕಿಂತ ತುಂಬ ದೊಡ್ಡ ವಾದ್ಯ. ಅದಕ್ಕೂ ಬೆರಳಿಂದ ಒತ್ತುವ ಬಿಳಿ, ಕಪ್ಪು ಮನೆಗಳಿವೆ. ಒಟ್ಟು 88. ಮನೆ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಆಗ ನಾದ ಬರುತ್ತದೆ.

ಯುರೋಪಿನಲ್ಲಿ ಪೋಲೆಂಡ್ ಎಂಬ ದೇಶವಿದೆ. ವಾರ್ಸಾ ಅದರ ರಾಜಧಾನಿ. ಶೋಪ್ಯಾನ್ ಆ ನಾಡಿನ ದೊಡ್ಡ ಸಂಗೀತಗಾರ. ಅವರ ಹೆಸರಿನಲ್ಲಿ 1927ರಲ್ಲಿ ಪಿಯಾನೋ ಸ್ಪರ್ಧೆ ಶುರುವಾಯಿತು. ಐದು ವರ್ಷಕ್ಕೊಮ್ಮೆ ನಡೆಯುತ್ತಿತ್ತು.

1939ರಲ್ಲಿ ಯುದ್ಧ ಬಂತು. ಜರ್ಮನ್ ಸೈನ್ಯ ಪೋಲೆಂಡನ್ನು ಹಿಡಿಯಿತು. ಶೋಪ್ಯಾನ್ ಸಂಗೀತ ನುಡಿಸಬಾರದು ಅಂತ ಕಟ್ಟಪ್ಪಣೆ ಆಯಿತು. ಜನ ಸುಮ್ಮನಾದರೇ? ಇಲ್ಲ. ಮನೆಗಳಲ್ಲಿ ಗುಟ್ಟಾಗಿ ನುಡಿಸಿದರು. ವಾರ್ಸಾ ಸುಟ್ಟು ಹಾಳಾಯಿತು. ಸಂಗೀತದ ದೊಡ್ಡ ಭವನವೂ ಉಳಿಯಲಿಲ್ಲ.

ಯುದ್ಧ 1945ರಲ್ಲಿ ಮುಗಿಯಿತು. 1949ಕ್ಕೆ ಶೋಪ್ಯಾನ್ ತೀರಿಕೊಂಡು ನೂರು ವರ್ಷ. ಊರು ಇನ್ನೂ ಪೂರ್ತಿ ಎದ್ದಿರಲಿಲ್ಲ. ಆದರೂ ಬೇರೊಂದು ಸಭಾಂಗಣದಲ್ಲಿ ಸ್ಪರ್ಧೆ ಮತ್ತೆ ನಡೆಯಿತು.

ಮೊದಲ ಸುತ್ತುಗಳಲ್ಲಿ ತೀರ್ಪುಗಾರರು ಮರೆಯಲ್ಲಿ ಕೂತರು. ನುಡಿಸುವವರ ಮುಖ ಕಾಣದು. ಹೆಸರು ತಿಳಿಯದು. ನಂಬರ್ ಮಾತ್ರ ಗೊತ್ತು. ಯಾಕೆ ಹೀಗೆ? ದೇಶ ನೋಡಿ, ಹೆಸರು ನೋಡಿ ಅಂಕ ಕೊಡಬಾರದು. ಕಿವಿಗೆ ಕೇಳಿದ್ದಕ್ಕೇ ಅಂಕ.

ಹಿಂದಿನ ಮೂರು ಸ್ಪರ್ಧೆಗಳಲ್ಲಿ ಮೊದಲ ಬಹುಮಾನ ಗಂಡಸರಿಗೇ ಹೋಗಿತ್ತು. ಈ ಸಲ ಇಬ್ಬರು ಹೆಂಗಸರು ಅದನ್ನು ಹಂಚಿಕೊಂಡರು. ಒಬ್ಬರು ಪೋಲೆಂಡಿನ ಹಲೀನಾ ಚೆರ್ನಿ-ಸ್ಟೆಫಾನ್ಸ್ಕಾ. ವಯಸ್ಸು 26. ಇನ್ನೊಬ್ಬರು ಸೋವಿಯತ್ ದೇಶದ ಬೆಲ್ಲಾ ಡೇವಿಡೋವಿಚ್. ವಯಸ್ಸು 21.

ಮರೆಯ ಆಚೆ ಕೂತವರಿಗೆ ಗಂಡೋ ಹೆಣ್ಣೋ ಕಾಣುವುದಿಲ್ಲ. ಕೆಲಸ ಮಾತ್ರ ಕೇಳಿಸುತ್ತದೆ. ನಾವು ಮಾಡುವ ಕೆಲಸವನ್ನೂ ಹೀಗೇ ತೂಗಿದರೆ ಹೇಗಿದ್ದೀತು? ಅಕ್ಕಂದಿರೇ, ನಾವು ಕೂತು ಮಾತಾಡೋಣ.